ಚೆಕ್ ಟೀವಿಯಲ್ಲಿ ನನ್ನ ಹಿಡಿ ಅಕ್ಕಿ

ಆದದ್ದು ಇಷ್ಟೇ. ಎದುರು ಮನೆಯ ಕೂಸಿಗೆ ನೀರೆರೆದ ಮುದುಕಿಯನ್ನು ಒಂದು ಟೀವಿ ಕೂಲಿಯಾಳು ಮಾಡಿತು, ಇನ್ನೊಂದು ಟೀವಿ ಚರ್ಚೆಯ ವಿಷಯ ಮಾಡಿತು. ಆ ಮುದುಕಿ ನಾನು. ಎರಡೂ ಟೀವಿ ನನ್ನ ದೇಶದವಲ್ಲ, ನಾನು ಈಗ ಇರುವ ದೇಶದವೂ ಅಲ್ಲ, ಚೆಕ್ ದೇಶದವು. ಅದು ಎಲ್ಲಿದೆ ಎಂದು ನಕ್ಷೆಯಲ್ಲಿ ತೋರಿಸಬೇಕೆಂದರೆ ಈಗಲೂ ನಾನು ಸೊಸೆಯನ್ನು ಕರೆಯಬೇಕು. ಆದರೆ ಅಲ್ಲಿಯ ಮಂದಿಗೆ ನನ್ನ ಗುರುತಿದೆ. ಒಂದು ಬಟ್ಟಲು ಅಕ್ಕಿಗೆ ದುಡಿಯುವ ಹೆಂಗಸು ಎಂದು ಗುರುತಿದೆ.

ಗಂಡ ಹೋದ ಮೇಲೆ ಮಗ ನನ್ನನ್ನು ತನ್ನ ವೀಸಾದ ಮೇಲೆ ಮಸ್ಕತ್ತಿಗೆ ಕರೆಸಿಕೊಂಡ. ಅವನು ಅಲ್ ಗುಬ್ರಾದಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಕಾರಖಾನೆಯಲ್ಲಿ ಕೆಲಸ ಮಾಡುತ್ತಾನೆ. ಸೊಸೆ ಇಂಡಿಯನ್ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ನಮ್ಮ ಬಾಗಿಲಿನ ಎದುರಿಗೆ ಇನ್ನೊಂದು ಬಾಗಿಲು, ನಡುವೆ ನಾಲ್ಕು ಹೆಜ್ಜೆಯ ಜಾಗ. ಆ ಬಾಗಿಲಿನ ಒಳಗೆ ಒಬ್ಬ ಚೆಕ್ ಹುಡುಗಿ, ಅವಳ ಗಂಡ. ಅವನೂ ಅದೇ ಕಾರಖಾನೆಯಲ್ಲಿ ದೊಡ್ಡ ಯಂತ್ರಗಳನ್ನು ರಿಪೇರಿ ಮಾಡಲು ಬಂದವನು. ಅವಳ ಹೆಸರು ಬರೆಯುವುದಿಲ್ಲ. ಅದು ಈಗಾಗಲೇ ಸಾಕಷ್ಟು ಕೆಟ್ಟಿದೆ.

ಅವಳು ಹೆರಿಗೆ ಮುಗಿಸಿ ಆಸ್ಪತ್ರೆಯಿಂದ ಬಂದ ದಿನದಿಂದ ಕೂಸು ಅಳುವುದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಹಸಿವಿನ ಅಳು ಬೇರೆ, ಹೊಟ್ಟೆನೋವಿನ ಅಳು ಬೇರೆ. ಇದು ಎರಡೂ ಅಲ್ಲ, ಮೈಗೆ ಹದವಿಲ್ಲದ ಅಳು. ಒಂದು ದಿನ ತಡೆದೆ. ಮರುದಿನ ಹೋಗಿ ಬಾಗಿಲು ಬಡಿದೆ. ಹಸಿ ಬಾಣಂತಿ ಬರಿಗಾಲಲ್ಲಿ ತಣ್ಣನೆಯ ಟೈಲ್ಸಿನ ಮೇಲೆ ನಿಂತಿದ್ದಳು. ಏಸಿ ಓಡುತ್ತಿತ್ತು. ಕೈಯಲ್ಲಿ ಐಸು ಹಾಕಿದ ನೀರು. ನನಗೆ ಅವಳ ಮಾತು ಬರುವುದಿಲ್ಲ, ಅವಳಿಗೆ ನನ್ನದು ಬರುವುದಿಲ್ಲ. ಹಾಗಾಗಿ ಮಾತಾಡಲಿಲ್ಲ. ಏಸಿ ಬಂದ್ ಮಾಡಿದೆ, ಗ್ಲಾಸು ಕಸಿದುಕೊಂಡೆ, ಅವಳ ಕಾಲಿಗೆ ನನ್ನ ಚಪ್ಪಲಿ ಹಾಕಿದೆ. ಅವಳು ಸೋಫಾದ ಮೇಲೆ ಕೂತು ಅತ್ತಳು. ಅಳಲಿ ಎಂದು ಬಿಟ್ಟೆ.

ಸಂಜೆ ಸೊಸೆ ಹೋಗಿ ಇಂಗ್ಲೀಷಿನಲ್ಲಿ ವಿಚಾರಿಸಿ ಬಂದಳು.

"ಅತ್ತೀ, ಆಕಿ ತಾಯಿ ಬರಬೇಕಾಗಿತ್ತಂತ. ಮೊಣಕಾಲು ಆಪರೇಶನ್ ಆಗೇತಿ, ಡಾಕ್ಟರ್ ಬಿಡವಲ್ರಂತ."

"ಅತ್ತಿ ಇಲ್ಲೇನ?"

"ಅತ್ತಿ ಕೂಡ ಮಾತಿಲ್ಲಂತ್ರಿ."

"ಆ ದೇಶದಾಗೂ ಹಂಗ ಏನು," ಎಂದೆ. ಸೊಸೆ ನನ್ನ ಮುಖ ನೋಡಿ ನಕ್ಕಳು.

ಮರುದಿನದಿಂದ ಎರೆಯಲು ಶುರು ಮಾಡಿದೆ. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಮೊದಲು ತಾಯಿಯ ಬೆನ್ನಿಗೆ, ಆಮೇಲೆ ಕೂಸಿನ ಮೈಗೆ. ನೆತ್ತಿಗೆ ಹರಳೆಣ್ಣೆ. ಬಚ್ಚಲಿನಲ್ಲಿ ಮಣೆಯ ಮೇಲೆ ಕೂತು ಎರಡೂ ಕಾಲು ಚಾಚಿ, ಕಾಲ ಮೇಲೆ ಕೂಸನ್ನು ಬೋರಲು ಮಲಗಿಸಿ, ಚರಿಗೆಯಲ್ಲಿ ಬಿಸಿನೀರು ತೋಡಿ ತೋಡಿ ಹಾಕುವುದು. ಮೊದಲ ದಿನ ಅವಳು ಬಾಗಿಲ ಹತ್ತಿರ ನಿಂತು ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದಳು. ಎರೆದ ಮೇಲೆ ಕೂಸು ಮಧ್ಯಾಹ್ನದವರೆಗೆ ಕಣ್ಣು ತೆರೆಯಲಿಲ್ಲ. ಬದುಕಿದೆಯೋ ಇಲ್ಲವೋ ಎಂದು ಅವಳು ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದಳು. ಇಲ್ಲಿ ಲೋಬಾನಕ್ಕೆ ಬರಗಾಲವಿಲ್ಲ, ಸೂಕ್ ಎನ್ನುವ ಮುತ್ರಾ ಪೇಟೆಯಲ್ಲಿ ಗುಡ್ಡೆ ಹಾಕಿ ಮಾರುತ್ತಾರೆ. ಕೂಸಿಗೆ ಅದರ ಹೊಗೆ ಕೊಟ್ಟ ದಿನ ಸೂರಿಗೆ ಹಚ್ಚಿದ ಹೊಗೆಯ ಯಂತ್ರ ಕೂಗಿಕೊಂಡು ವಾಚ್‌ಮನ್ ಮೂರು ಮಹಡಿ ಓಡಿಬಂದ. ಅವನು ಹೋದ ಮೇಲೆ ಆ ಹುಡುಗಿ ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಈಗ ಅಕ್ಕಿಯ ಸಂಗತಿ. ಅದನ್ನು ಸರಿಯಾಗಿ ಹೇಳಬೇಕು, ಏಕೆಂದರೆ ಎರಡು ಟೀವಿಗಳೂ ಸರಿಯಾಗಿ ಹೇಳಲಿಲ್ಲ.

ನಮ್ಮ ಮನೆತನದಲ್ಲಿ ಕೂಸಿಗೆ ಎರೆದವಳು ಬರಿ ಸೆರಗಿನಲ್ಲಿ ಏಳಬಾರದು. ಕೂಸಿನ ತಾಯಿ ಒಂದು ಹಿಡಿ ಅಕ್ಕಿಯನ್ನು ಅವಳ ಸೆರಗಿಗೆ ಹಾಕಬೇಕು. ಆ ಅಕ್ಕಿ ಎರೆದವಳದ್ದಲ್ಲ. ಅವಳು ಅದನ್ನು ಮನೆಗೆ ಒಯ್ದು ಬೇರೆ ಡಬ್ಬಿಯಲ್ಲಿ ಕೂಡಿಡುತ್ತಾಳೆ. ಕೂಸಿಗೆ ಅನ್ನ ತಿನ್ನಿಸುವ ದಿನ ಬಂದಾಗ ಅದೇ ಅಕ್ಕಿಯ ಪಾಯಸ ಮಾಡಿ ಮೊದಲ ತುತ್ತು ಕೊಡಬೇಕು. ಅಕ್ಕಿ ಕೂಸಿನದು, ನಾವು ಕಾಯುವವರು. ಗಂಡ ಹೋದವಳ ಉಡಿಗೆ ಊರಿನಲ್ಲಿ ಯಾರೂ ಅಕ್ಕಿ ಹಾಕುವುದಿಲ್ಲ. ಕೂಸಿಗೆ ಎರೆದವಳಿಗೆ ಮಾತ್ರ ಆ ಕಟ್ಟಿಲ್ಲ. ಗಂಡ ಹೋದ ಮೇಲೆ ನನ್ನ ಸೆರಗಿಗೆ ಅಕ್ಕಿ ಬಿದ್ದದ್ದು ಆ ಹುಡುಗಿಯ ಬಚ್ಚಲ ಬಾಗಿಲಲ್ಲಿ.

ಮೊದಲ ದಿನ ಸೆರಗು ಒಡ್ಡಿ ಕೈಸನ್ನೆ ಮಾಡಿದಾಗ ಅವಳು ಇಡೀ ಪಾಕೀಟು ತಂದಳು. ಹಿಡಿ ತೋರಿಸಿದೆ. ಆಮೇಲೆ ಸೊಸೆ ಬಿಡಿಸಿ ಹೇಳಿದಳು. ಆ ಹುಡುಗಿಗೆ ಅದು ಬಹಳ ಹಿಡಿಸಿತು. ಹಸಿ ಬಾಣಂತನ ಮುಗಿದ ಮೇಲೂ, ಕೂಸಿಗಷ್ಟೇ ಎರೆಯುತ್ತಿದ್ದಾಗಲೂ, ಒಂದು ದಿನ ತಪ್ಪಿಸಲಿಲ್ಲ. ಊರಿನಲ್ಲಿರುವ ನನ್ನ ಮೊಮ್ಮಕ್ಕಳು ಕರೆಯುವಂತೆ ಅವಳೂ ‘ಆಯಿ’ ಎನ್ನುತ್ತಿದ್ದಳು. ‘ಬಿಸಿ’, ‘ಸಾಕು’, ‘ಸುಮ್ಕಿರು’ ಇಷ್ಟು ಕಲಿತಿದ್ದಳು. ಕೊನೆಯದನ್ನು ಗಂಡನಿಗೂ ಹೇಳುತ್ತಿದ್ದಳು.

ಕೂಸು ಮಲಗಿದ ಮೇಲೆ ಅವಳು ಟೀವಿ ಹಚ್ಚುತ್ತಿದ್ದಳು. ಇಂಟರ್ನೆಟ್ಟಿನಿಂದ ಅವಳ ದೇಶದ ಟೀವಿಗಳೇ ಬರುತ್ತಿದ್ದವು. ಮಾತು ತಿಳಿಯದಿದ್ದರೂ ನಾನು ಕೂತು ನೋಡುತ್ತಿದ್ದೆ. ಮಾತು ತಿಳಿದ ಧಾರಾವಾಹಿಗಳಲ್ಲಿ ತಾನೆ ಏನಿದೆ. ಅವಳ ದೇಶದ ಟೀವಿಯಲ್ಲಿ ಎರಡು ಬಗೆ. ಒಂದರಲ್ಲಿ ನಡುನಡುವೆ ಜಾಹೀರಾತು. ಸಾಬೂನು, ಬೀರು, ಔಷಧಿ, ಮತ್ತೆ ಸಾಬೂನು. ಎಲ್ಲರೂ ಜೋರಾಗಿ ಮಾತಾಡುತ್ತಾರೆ, ಅಡುಗೆ ಮಾಡುತ್ತಲೇ ಜಗಳವಾಡುತ್ತಾರೆ. ಇನ್ನೊಂದರಲ್ಲಿ ನಡುವೆ ಏನೂ ಬರುವುದಿಲ್ಲ. ಒಬ್ಬ ಗಡ್ಡದವನು ಕಾಡಿನಲ್ಲಿ ಅಣಬೆ ಹುಡುಕುತ್ತ ಅರ್ಧ ಗಂಟೆ ನಡೆಯುತ್ತಾನೆ. ರಾಜಕುಮಾರಿಯರ ಕಥೆಗಳು ಬರುತ್ತವೆ. ಒಮ್ಮೆ ಒಂದು ಮನೆಯ ಸ್ನಾನದ ತೊಟ್ಟಿಯಲ್ಲಿ ದೊಡ್ಡ ಮೀನು ಈಜುತ್ತಿತ್ತು. ಹಬ್ಬಕ್ಕೆ ಕೊಯ್ಯಲು ತಂದಿಟ್ಟದ್ದಂತೆ, ಆದರೆ ಮಕ್ಕಳು ಅದಕ್ಕೆ ಹೆಸರಿಟ್ಟು ಅಳುತ್ತಿದ್ದವು. ಅಷ್ಟು ದಿನ ಆ ಮನೆಯವರು ಎಲ್ಲಿ ಸ್ನಾನ ಮಾಡಿದರು ಎಂದು ಸೊಸೆಯಿಂದ ಕೇಳಿಸಿದೆ. 

ರಜೆಯ ದಿನ ಸೊಸೆ ಜೊತೆಗಿದ್ದಾಗ ಆ ಎರಡು ಬಗೆ ಯಾಕೆ ಎಂದು ಕೇಳಿಸಿದೆ.

"ಒಂದು ಖಾಸಗಿ ಅಂತ್ರಿ. ಜಾಹೀರಾತಿನಾಗ ನಡೀತದ. ಇನ್ನೊಂದಕ್ಕ ಪ್ರತಿ ಮನಿಯವರೂ ದುಡ್ಡು ಕೊಡಬೇಕಂತ, ನೋಡ್ಲಿ ಬಿಡ್ಲಿ."

"ಅಂದ್ರ ಸರಕಾರದ್ದು."

ಸೊಸೆ ಕೇಳಿದಳು. ಆ ಹುಡುಗಿ ಕೈ ಅಲ್ಲಾಡಿಸಿ ಬಹಳ ಹೊತ್ತು ಏನೋ ಹೇಳಿದಳು.

"ಸರಕಾರದ್ದು ಅಲ್ಲಂತ್ರಿ. ಅದ ಅವರಲ್ಲಿ ದೊಡ್ಡ ಜಗಳಂತ. ಸರಕಾರದಾವ್ರು ಕೈ ಹಾಕಬಾರದು, ಅದು ಎಲ್ಲಾರದ್ದು ಅಂತಾಳ."

"ಎಲ್ಲಾರದ್ದು ಅಂದ್ರ ಯಾರದ್ದೂ ಅಲ್ಲ. ಹತ್ತು ಮಂದಿ ಕೂಡಿದಲ್ಲೆ ಹಾವು ಸಾಯಂಗಿಲ್ಲ, ಹೇಳು ಆಕಿಗೆ."

ಸೊಸೆ ಅದನ್ನು ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ಕೂಸಿಗೆ ಒಂದು ತಿಂಗಳು ದಾಟಿತ್ತು. ಒಂದು ದಿನ ಅವಳು ಕುಣಿಯುತ್ತ ಬಂದಳು. ಖಾಸಗಿ ಚಾನೆಲ್ ಒಂದರಲ್ಲಿ ಪರದೇಶದಲ್ಲಿ ಇರುವ ತಮ್ಮ ಮಂದಿಯ ಕಾರ್ಯಕ್ರಮ ಬರುತ್ತದಂತೆ, ಅದರವರು ಮಸ್ಕತ್ತಿಗೆ ಬರುತ್ತಾರಂತೆ, ಇವಳ ಮನೆಯನ್ನೂ ತೋರಿಸುತ್ತಾರಂತೆ. ಅವಳ ತಾಯಿ ಆ ಕಾರ್ಯಕ್ರಮ ಒಂದು ವಾರವೂ ಬಿಡುವುದಿಲ್ಲ. ಮೊಣಕಾಲು ಮಡಚಲಾಗದ ಆ ತಾಯಿ ಮೊಮ್ಮಗುವನ್ನು ಎತ್ತಿಕೊಂಡಿಲ್ಲ, ಟೀವಿಯಲ್ಲಾದರೂ ದೊಡ್ಡದಾಗಿ ನೋಡುತ್ತಾಳೆ ಎಂಬುದು ಇವಳ ಆಸೆ. ಆಸೆ ತಪ್ಪಲ್ಲ.

ಬಂದವರು ಇಬ್ಬರು. ಕ್ಯಾಮರಾ ಹೊತ್ತ ಗಂಡಸು, ಬಿಳಿ ಪ್ಯಾಂಟಿನ ಹೆಂಗಸು. ಹೆಂಗಸು ನನ್ನನ್ನು ತಬ್ಬಿಕೊಂಡಳು. ನಾನು ಮೈಗೆ ಎಣ್ಣೆ ಹತ್ತುತ್ತದೆ ಎಂದು ಸರಿದೆ. ಬಚ್ಚಲಿನಲ್ಲಿ ದೀಪ ಹಚ್ಚಿ ನಿಂತರು. ನಾನು ಎಂದಿನಂತೆ ಸೀರೆ ಮೊಣಕಾಲ ತನಕ ಎತ್ತಿ ಕಟ್ಟಿ, ಸೆರಗು ಸೊಂಟಕ್ಕೆ ಸಿಗಿಸಿ ಎರೆದೆ. ಎರೆದು, ಒರೆಸಿ, ಹೊಗೆ ಕೊಟ್ಟು, ಕೂಸಿನ ತಲೆಗೆ ಕುಂಚಿಗೆ ಕಟ್ಟಿ, ಸೆರಗು ಒಡ್ಡಿದೆ. ಅವಳು ಅಕ್ಕಿ ಹಾಕಿದಳು. ಕ್ಯಾಮರಾದವನು ಅಷ್ಟರಲ್ಲಿ ಕೂಸಿನ ಕಡೆ ತಿರುಗಿದ್ದ. ಅಕ್ಕಿ ತಪ್ಪಿಹೋಯಿತು.

ಅದು ದಿನದ ಮುಖ್ಯ ಕೆಲಸ. ಅದನ್ನೇ ಬಿಟ್ಟರೆ ಏನು ತೋರಿಸಿದಂತಾಯಿತು ಎಂದು ನಾನು ಸೊಸೆಗೆ ಹೇಳಿದೆ.

"ಅಕ್ಕಿ ಹಾಕೂದು ತಪ್ಪೇತಿ ಅಂತ ಹೇಳು. ಮತ್ತೊಮ್ಮೆ ಹಾಕ್ತಾಳ, ತಗೊಳ್ಳಲಿ."

"ಅತ್ತೀ, ಸಾಕು ಬಿಡ್ರಿ, ಅವರಿಗೆ ಹೊತ್ತಾಗೇತಿ."

"ಹೊತ್ತಾಗಲಿ. ಹಾಕಿದ್ದನ್ನ ಹಾಕಿದ್ಲು ಅಂತ ತೋರಿಸಬೇಕಿಲ್ಲೊ?"

ಮತ್ತೊಮ್ಮೆ ಸೆರಗು ಒಡ್ಡಿದೆ. ಈ ಸಲ ಅವಳು ಬಟ್ಟಲಿನಿಂದ ಹಾಕಿದಳು, ಹಿಡಿ ಚಿಕ್ಕದು, ಕಾಣಿಸುವುದಿಲ್ಲ ಎಂದು ಕ್ಯಾಮರಾದವನು ಅಂದನಂತೆ. ನಾನು ಎರಡೂ ಕೈಯಲ್ಲಿ ಸೆರಗು ಹಿಡಿದು ತಲೆ ಬಾಗಿಸಿದೆ. ಅಕ್ಕಿಗೆ ತಲೆ ಬಾಗಿಸಬೇಕು, ಅದು ರೂಢಿ. ಬಿಳಿ ಪ್ಯಾಂಟಿನವಳು ಹೆಬ್ಬೆರಳು ಎತ್ತಿ ತೋರಿಸಿದಳು. ಇದರ ಅರ್ಥವೇನೆಂದು ಅವಳು ಕೇಳಲಿಲ್ಲ. ಸೊಸೆ ಹೇಳಲು ಹೋದಳು, ಅವರು ವಯರು ಸುತ್ತಿಕೊಳ್ಳುತ್ತಿದ್ದರು.

ಕೆಲವು ವಾರ ಕಳೆದ ಮೇಲೆ ಅದು ಟೀವಿಯಲ್ಲಿ ಬಂತು. ಎದುರು ಮನೆಯಲ್ಲಿ ಎಲ್ಲರೂ ಕೂತೆವು. ನಾನು ಚುರಮುರಿ ಒಗ್ಗರಣೆ ಹಾಕಿ ಒಯ್ದಿದ್ದೆ. ಮೊದಲು ಸಮುದ್ರ ತೋರಿಸಿದರು, ಆಮೇಲೆ ಶಾಪಿಂಗ್ ಮಾಲು, ಆಮೇಲೆ ಒಂಟೆ. ಅಲ್ ಗುಬ್ರಾದಲ್ಲಿ ಒಂಟೆ ಎಲ್ಲಿಂದ ಬಂತೋ. ಆಮೇಲೆ ಇವಳ ಸೋಫಾ, ಇವಳ ಪರದೆ, ಆಮೇಲೆ ನಾನು. ನನ್ನ ಮುಖಕ್ಕಿಂತ ಕಾಲು ಹೆಚ್ಚು ಹೊತ್ತು ಇತ್ತು. ಹಿಂದಿನಿಂದ ಹೆಂಗಸಿನ ದನಿ ನಗುನಗುತ್ತ ಏನೋ ಹೇಳುತ್ತಿತ್ತು. ಆ ಹುಡುಗಿ ಸೊಸೆಗೆ ಇಂಗ್ಲೀಷಿನಲ್ಲಿ ಹೇಳುತ್ತ ಬಂದವಳು ಅಲ್ಲಿಗೆ ಸುಮ್ಮನಾದಳು.  ಅವಳ ಗಂಡ ಎದ್ದು ಟೀವಿ ಬಂದ್ ಮಾಡಿದ. ಕೊನೆಗೆ ಅವನೇ ಸೊಸೆಗೆ ಮೆಲ್ಲಗೆ ಹೇಳಿದ.

"ಏನಂದ್ಲು?" ಎಂದೆ.

"ಮನೀಗ ಹೋಗಿ ಹೇಳ್ತೀನ್ರಿ ಅತ್ತಿ."

"ಇಲ್ಲೇ ಹೇಳು. ಚುರಮುರಿ ಇನ್ನೂ ಮುಗಿದಿಲ್ಲ."

ಸೊಸೆ ನೆಲ ನೋಡುತ್ತ ಹೇಳಿದಳು. ನಮ್ಮ ಹುಡುಗಿ ಇಲ್ಲಿ ರಾಣಿಯ ಹಾಗೆ ಇದ್ದಾಳೆ, ಕೂಸನ್ನು ನೋಡಿಕೊಳ್ಳಲು ಇಂಡಿಯಾದ ಆಳು ಇದ್ದಾಳೆ, ಅವಳ ಸಂಬಳ ದಿನಕ್ಕೆ ಒಂದು ಬಟ್ಟಲು ಅಕ್ಕಿ, ಅದಕ್ಕೂ ಆಕೆ ತಲೆ ಬಾಗಿಸುತ್ತಾಳೆ ನೋಡಿ. ಇಷ್ಟು. ಅದಾದ ಮೇಲೆ ಸಾಬೂನಿನ ಜಾಹೀರಾತು.

ನಾನು ಬಟ್ಟಲು ಎತ್ತಿಕೊಂಡು ಮನೆಗೆ ಬಂದೆ.

ಎರಡೇ ದಿನದಲ್ಲಿ ಆ ತುಣುಕು ಮೊಬೈಲಿನಿಂದ ಮೊಬೈಲಿಗೆ ಹಾರಿ ಕಾರಖಾನೆಯನ್ನು ಮುಟ್ಟಿತು. ಊಟದ ಹೊತ್ತಿನಲ್ಲಿ ಯಾರೋ ಮಗನ ಮುಂದೆಯೇ ಹಿಡಿದು, ಇದು ನಿನ್ನ ತಾಯಿ ಅಲ್ಲವೇ ಎಂದು ಕೇಳಿದ್ದಾರೆ. ಮಗ ಮನೆಗೆ ಬಂದು ಬೂಟು ಕೂಡ ಬಿಚ್ಚದೆ ನಿಂತ.

"ಅವ್ವಾ, ನೀ ಇನ್ನ ಆ ಮನಿಗೆ ಹೋಗಬ್ಯಾಡ."

"ಯಾಕ?"

"ಯಾಕಂದ್ರ ನೀ ನನ್ನ ಫ್ಯಾಮಿಲಿ ವೀಸಾದಾಗ ಬಂದಾಕಿ. ಈ ದೇಶದಾಗ ಹಂಗ ಬಂದಾವ್ರು ಮಂದಿ ಮನ್ಯಾಗ ದುಡಿಯೂಹಂಗಿಲ್ಲ. ಯಾರರೆ ಅದನ್ನ ಹಿಡಕೊಂಡು ಮ್ಯಾಲೆ ಹೇಳಿದ್ರ ನನ್ನ ಕಫೀಲ್ ಅಂದ್ರ ನಮ್ಮ ಕಂಪನಿ, ಅವರಿಗೆ ನಾ ಏನ್ ಹೇಳ್ಲಿ?"

"ನಾ ದುಡದಿಲ್ಲ ಅಂತ ಹೇಳು."

"ಟೀವ್ಯಾಗ ಐತಲ್ಲ. ಸೆರಗು ಒಡ್ಡಿ ಇಸ್ಕೊಂಡೀದಿ."

"ನಿನಗ ಎರದಾಕಿನೂ ಸೆರಗು ಒಡ್ಡಿ ಇಸ್ಕೊಂಡಾಳ. ಆಕಿ ನಮ್ಮ ಆಳಲ್ಲ, ನಿಮ್ಮಪ್ಪನ ಸೋದರತ್ತಿ."

"ನನಗ ಗೊತ್ತೈತಿ ಬೇ. ಅವರಿಗೆ ಗೊತ್ತಿಲ್ಲ. ಟೀವಿಯವರು ತಪ್ಪು ತಿದ್ದಿ ಹೇಳಲಿ. ಅಲ್ಲೀತನಕ ನೀ ಆ ಹೊಸ್ತಿಲು ದಾಟಬ್ಯಾಡ. ನನ್ನ ಮುಂದ ಮಾತು ಕೊಡು."

ಮಗ ಹೆದರಿಕೊಂಡಾಗ ಅವನ ಕಿವಿಗಳು ಕೆಂಪಾಗುತ್ತವೆ, ಚಿಕ್ಕಂದಿನಿಂದ ಹಾಗೆ. ಮಾತು ಕೊಟ್ಟೆ. ಕೊಟ್ಟ ಮೇಲೆ ಅಡುಗೆಮನೆಗೆ ಹೋದರೆ ಕಟ್ಟೆಯ ಮೇಲೆ ಆ ಡಬ್ಬಿ. ಅರ್ಧ ತುಂಬಿತ್ತು. ಎರೆಯುವುದನ್ನು ನಡುವೆ ನಿಲ್ಲಿಸಿದರೆ ಆ ಅಕ್ಕಿಯನ್ನು ಏನು ಮಾಡಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿಲ್ಲ. ನಮ್ಮಲ್ಲಿ ಯಾರೂ ನಡುವೆ ನಿಲ್ಲಿಸಿದ್ದಿಲ್ಲ.

ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೆ ಆ ಹುಡುಗಿ ಬಾಗಿಲು ತೆರೆದು ನಿಂತಳು. ನಾನು ನಮ್ಮ ಬಾಗಿಲಲ್ಲಿ ನಿಂತು ಇಲ್ಲ ಎಂದು ಕೈ ತಿರುವಿದೆ. ನಡುವೆ ನಾಲ್ಕು ಹೆಜ್ಜೆ. ಆಮೇಲೆ ಅವಳು ತಾನೇ ಪ್ಲಾಸ್ಟಿಕ್ ಟಬ್ಬಿನಲ್ಲಿ ಕೂಸಿಗೆ ಸ್ನಾನ ಮಾಡಿಸತೊಡಗಿದಳು. ಸಾಯುವುದೇನೂ ಇಲ್ಲ, ಅವಳ ದೇಶದಲ್ಲಿ ಎಲ್ಲ ಕೂಸುಗಳೂ ಹಾಗೇ ಬೆಳೆಯುತ್ತವೆ. ಆದರೆ ಬೆಳಿಗ್ಗೆ ಆ ಅಳು ಮತ್ತೆ ನಮ್ಮ ಅಡುಗೆಮನೆಗೆ ಕೇಳತೊಡಗಿತು. ನಾನು ಕುಕ್ಕರಿನ ಸೀಟಿ ಎಣಿಸುತ್ತ ಕೂರಬೇಕಾಯಿತು.

ಅವಳು ಆ ಚಾನೆಲ್ಲಿಗೆ ಬರೆದಳು. ಫೋನು ಮಾಡಿದಳು. ಫೋನಿನಲ್ಲಿ ಬಹಳ ಹೊತ್ತು ಹಾಡು ಹಚ್ಚಿಡುತ್ತಿದ್ದರಂತೆ. ಕೊನೆಗೆ ಉತ್ತರ ಬಂತು. ನಾವು ನಡೆಯದೇ ಇದ್ದದ್ದನ್ನು ಏನೂ ತೋರಿಸಿಲ್ಲ, ಅಕ್ಕಿ ಹಾಕಿದ್ದು ನಿಜ, ತೆಗೆದುಕೊಂಡದ್ದು ನಿಜ, ನೋಡುವವರಿಗೆ ಬಹಳ ಹಿಡಿಸಿದೆ, ಮತ್ತೊಮ್ಮೆ ಹಾಕುತ್ತಿದ್ದೇವೆ. ಜೊತೆಗೆ ಒಂದು ಪ್ರಶ್ನೆ: ಆ ಅಜ್ಜಿ ಅಡುಗೆಯ ಕಾರ್ಯಕ್ರಮಕ್ಕೆ ಬರುತ್ತಾರೆಯೇ, ವಿಡಿಯೋದಲ್ಲಿ ಬಂದರೂ ಸಾಕು.

"ಬರ್ತೀನಿ ಅಂತ ಹೇಳು," ಎಂದೆ ಸೊಸೆಗೆ. "ರೊಟ್ಟಿ ಬಡಿಯೂದು ತೋರಿಸ್ತೀನಿ. ಆ ಬಿಳಿ ಪ್ಯಾಂಟಿನಾಕಿ ಹತ್ರ ನಿಂದ್ರಲಿ."

ಅವಳ ಊರಿನಲ್ಲಿ ಅವಳ ತಾಯಿಯ ಗತಿ ಇನ್ನೂ ಕೆಟ್ಟಿತ್ತು. ಸಣ್ಣ ಊರು. ಕೋಲು ಊರಿಕೊಂಡು ಬ್ರೆಡ್ ತರಲು ಹೋದರೆ, ಮಗಳು ಮಹಾರಾಣಿ ಆಗಿದ್ದಾಳಂತಲ್ಲ, ಮುದುಕಿಯರನ್ನು ಅಕ್ಕಿಗೆ ದುಡಿಸುತ್ತಾಳಂತಲ್ಲ ಎಂದು ಕೇಳುತ್ತಾರಂತೆ. ಮೊಮ್ಮಗುವನ್ನು ಟೀವಿಯಲ್ಲಿ ನೋಡಿದ್ದರ ಫಲ ಇದು. ಕೂಸನ್ನು ತೋರಿಸಿದ್ದಾದರೂ ಎಷ್ಟು, ಒಂದು ಆಕಳಿಕೆಯಷ್ಟು.

ಆಗ ಆ ಹುಡುಗಿ ಇನ್ನೊಂದು ಬಗೆಯ ಟೀವಿಯ ಮೇಲೆ ಭಾರ ಹಾಕಿದಳು. ಅವಳ ತಾಯಿಯ ಊರ ಕಡೆಯದೇ ಒಂದು ಸಣ್ಣ ಚಾನೆಲ್, ಜಾಹೀರಾತಿಲ್ಲದ್ದು, ಮಂದಿಯ ದುಡ್ಡಿನಲ್ಲಿ ನಡೆಯುವುದು. ಅಲ್ಲಿ ಬೇರೆ ಟೀವಿಗಳು ಮಾಡಿದ ತಪ್ಪನ್ನು ಮಾತಾಡುವ ಕಾರ್ಯಕ್ರಮ ಇತ್ತಂತೆ. ಅವರು ಒಪ್ಪಿದರು. ಅವಳು ನಮ್ಮ ಬಾಗಿಲಿಗೆ ಬಂದು ಸೊಸೆಯ ಕೈ ಹಿಡಿದು ಹೇಳಿದಳು, ಇವರು ಸುಳ್ಳು ಹೇಳುವುದಿಲ್ಲ, ಇವರು ಎಲ್ಲರವರು. ಮಗನಿಗೂ ಧೈರ್ಯ ಬಂತು. ಅಲ್ಲಿ ಸರಿಯಾಗಿ ಬಂದರೆ ಅದನ್ನೇ ಕಂಪನಿಯಲ್ಲಿ ತೋರಿಸುತ್ತೇನೆ, ಆಮೇಲೆ ನೀನು ಹೋಗಬಹುದು ಎಂದ.

ಕಂಪ್ಯೂಟರಿನಲ್ಲಿ ಮಾತಾಡಿಸಿದರು. ಸಭ್ಯ ಮನುಷ್ಯ. ಗಡ್ಡ, ಕನ್ನಡಕ, ಹಿಂದೆ ಪುಸ್ತಕಗಳು. ಬಿಳಿ ಪ್ಯಾಂಟಿನವಳ ಹಾಗೆ ಅವಸರ ಇರಲಿಲ್ಲ. ಅವಸರ ಸ್ವಲ್ಪವಾದರೂ ಇದ್ದಿದ್ದರೆ ಒಲೆಯ ಮೇಲಿನ ನನ್ನ ಬೇಳೆ ಸೀಯುತ್ತಿರಲಿಲ್ಲ. ಅವನು ಇಂಗ್ಲೀಷಿನಲ್ಲಿ ಕೇಳಿದ್ದನ್ನು ಸೊಸೆ ನನಗೆ ಹೇಳುವುದು, ನಾನು ಹೇಳಿದ್ದನ್ನು ಅವನಿಗೆ ಹೇಳುವುದು.

"ನಿಮ್ಮನ್ನ ಯಾರರೆ ಒತ್ತಾಯ ಮಾಡ್ಯಾರೇನು ಅಂತ ಕೇಳ್ತಾನ್ರಿ."

"ನನ್ನ ಒತ್ತಾಯ ಮಾಡಾವ್ರು ಇನ್ನೂ ಹುಟ್ಟಿಲ್ಲ."

"ನಿಮಗ ಶೋಷಣೆ ಆಗೇತಿ ಅಂತ ಅನಸ್ತದೇನು ಅಂತ."

"ಹಂಗಂದ್ರ?"

"ದುಡಿಸ್ಕೊಂಡು ಕೂಲಿ ಕೊಡದ ಇರೂದು."

"ಅದು ನನಗ ನಿಮ್ಮ ಮಾವ ಇದ್ದಾಗ ಆಗೇತಿ. ಇಲ್ಲೆ ಆಗಿಲ್ಲ." ಸೊಸೆ ಇದನ್ನೂ ಹೇಳಲಿಲ್ಲ.

"ನಿಮಗ ಏನು ಬೇಕು ಅಂತ ಕೇಳ್ತಾನ್ರಿ."

ಅದಕ್ಕೆ ನಾನು ಸರಿಯಾಗಿ ಕೂತು ಹೇಳಿದೆ. "ನನಗೇನೂ ಬ್ಯಾಡ. ನಾ ನೆರೆಮನಿಯಾಕಿ. ಆಕಿ ತಾಯಿ ಬರಾಕ ಆಗಲಿಲ್ಲ, ನಾ ಹೋದೆ. ಅಕ್ಕಿ ಕೂಸಿಂದು, ಅದಕ್ಕ ಪಾಯಸ ಮಾಡಾಕ ಇಟ್ಟೀನಿ. ಇಷ್ಟ ಹೇಳ್ರಿ ಸಾಕು." ಸೊಸೆ ಅಕ್ಷರ ಬಿಡದೆ ಹೇಳಿದಳು. ಅವನು ತಲೆ ಆಡಿಸಿದ. ಡಬ್ಬಿ ತಂದು ಅವನಿಗೆ ತೋರಿಸಿದೆ, ಮುಚ್ಚಳ ತೆಗೆದು ಒಳಗಿನ ಅಕ್ಕಿಯನ್ನೂ ತೋರಿಸಿದೆ.

ಅದು ಬರುವ ದಿನ ಶನಿವಾರ ಮಧ್ಯಾಹ್ನ. ನಮಗೆ ರಜೆ. ನನ್ನ ಮಾತು ಕೆಡಬಾರದೆಂದು ಆ ಹುಡುಗಿಯೇ ಕಂಪ್ಯೂಟರ್ ಹಿಡಿದು ನಮ್ಮ ಮನೆಗೆ ಬಂದಳು. ಕೂಸಿನ ಹತ್ತಿರ ಅವಳ ಗಂಡ ಕೂತ. ಚಾನೆಲ್ ಹಚ್ಚಿದರೆ ಕಪ್ಪು ಪರದೆ, ಮೇಲೆ ಎರಡು ಸಾಲು ಅಕ್ಷರ. ನೀವಿರುವ ದೇಶದಲ್ಲಿ ಇದನ್ನು ನೋಡಲು ಬರುವುದಿಲ್ಲ ಎಂದು. ನನ್ನನ್ನು ಆಳು ಎಂದದ್ದು ಎಲ್ಲ ದೇಶದಲ್ಲೂ ನೋಡಲು ಬರುತ್ತದೆ. ಅಲ್ಲ ಎನ್ನುವುದಕ್ಕೆ ಬೇಲಿ.

ಅವಳು ತಾಯಿಗೆ ವಿಡಿಯೋ ಕಾಲ್ ಹಚ್ಚಿದಳು. ತಾಯಿ ತನ್ನ ಮೊಬೈಲನ್ನು ತನ್ನ ಟೀವಿಯ ಮುಂದೆ ಹಿಡಿದಳು. ಆ ಮೊಬೈಲಿನ ಒಳಗೆ ಆ ಟೀವಿ, ಅದರ ಒಳಗೆ ನಾನು. ಅರ್ಧ ಅವಳ ಹೆಬ್ಬೆರಳು, ಉಳಿದ ಅರ್ಧ ಕಿಟಕಿಯ ಬೆಳಕು. ತಾಯಿಯ ಕೈ ಸೋತಾಗಲೆಲ್ಲ ಟೀವಿ ಜಾರಿ ಜಮಖಾನೆ ಕಾಣುತ್ತಿತ್ತು. ನಾವು ನಾಲ್ವರು ಒಂದು ಅಂಗೈಯಗಲದ ಪರದೆಗೆ ಮುಖ ಹಚ್ಚಿ ಕೂತೆವು.

ದುಂಡು ಮೇಜಿನ ಸುತ್ತ ಮೂವರು. ನಡುವೆ ನೀರಿನ ಜಗ್ಗು. ಮೊದಲಿಗೆ ಖಾಸಗಿ ಟೀವಿಗಳು ಹೇಗೆ ಕೆಟ್ಟಿವೆ ಎಂದು ಮಾತಾಡಿದರು. ಅದಕ್ಕೆ ಸಾಕ್ಷಿಯಾಗಿ ಅಕ್ಕಿ ಹಾಕುವುದನ್ನು ತೋರಿಸಿದರು. ಆಮೇಲೆ ಜಾಹೀರಾತಿನ ಬಗ್ಗೆ ಮಾತಾಡಿದರು, ಅಕ್ಕಿ ತೋರಿಸಿದರು. ಆಮೇಲೆ ತಮ್ಮ ಟೀವಿಗೆ ಮನೆಮನೆಯಿಂದ ಬರುವ ದುಡ್ಡು ಯಾಕೆ ಬೇಕು ಎಂದು ಬಹಳ ಹೊತ್ತು ಮಾತಾಡಿದರು. ನಾನು ಕಾಯುತ್ತ ಕೂತೆ. ಕೊನೆಗೆ ನನ್ನ ಮುಖ ಬಂತು. ಬಾಯಿ ತೆರೆದೆ. "ನನಗೇನೂ ಬ್ಯಾಡ," ಎಂದೆ. ಖಲಾಸ್. ಅಲ್ಲಿಗೆ ಕತ್ತರಿಸಿದರು. ಡಬ್ಬಿ ಇಲ್ಲ, ನೆರೆಮನೆ ಇಲ್ಲ, ಪಾಯಸ ಇಲ್ಲ.

ಮೇಜಿನ ಮುಂದಿನ ಹೆಂಗಸು, ದೊಡ್ಡ ಓದು ಓದಿದವಳಂತೆ, ಕನ್ನಡಕ ತೆಗೆದು ನಿಟ್ಟುಸಿರು ಬಿಟ್ಟು ಏನೋ ಹೇಳಿದಳು. ಮೂವರೂ ತಲೆ ಆಡಿಸಿದರು. ಈ ಹುಡುಗಿ ಮುಖ ಮುಚ್ಚಿಕೊಂಡಳು.

"ಹೇಳಂತ ಹೇಳು ಆಕಿಗೆ," ಎಂದೆ.

ಸೊಸೆ ಕೇಳಿ ಹೇಳಿದಳು. "ನೋಡ್ರಿ, ಇಂಥಾ ಹೆಣ್ಣುಮಕ್ಕಳಿಗೆ ತಮ್ಮ ಹಕ್ಕು ಏನು ಅಂತನೂ ಗೊತ್ತಿರಂಗಿಲ್ಲ, ಏನೂ ಬ್ಯಾಡ ಅಂತಾರ, ಇದು ಎಲ್ಲಾಕಿಂತ ದುಃಖದ ಸಂಗತಿ ಅಂದ್ಲಂತ್ರಿ."

ಮೊದಲಿನವರ ಮೇಲೆ ನನಗೆ ಸಿಟ್ಟಿತ್ತು. ಇವರ ಮೇಲೆ ಅದೂ ಬರಲಿಲ್ಲ. ಸಿಟ್ಟು ಮಾಡಬೇಕೆಂದರೆ ಅವರು ನನಗೆ ಬೈದಿರಬೇಕು. ಇವರು ಮರುಗಿದರು. ಮರುಗುವವರಿಗೆ ಏನು ಉತ್ತರ ಕೊಡುವುದು. ಮಗ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತ. 

ಮೊಬೈಲಿನಲ್ಲಿ ಗದ್ದಲ ಎದ್ದಿತು. ಆ ತಾಯಿ ತನ್ನ ಟೀವಿಗೆ ಬೈಯುತ್ತಿದ್ದಳು. ಬೈಗುಳಕ್ಕೆ ದುಭಾಷಿ ಬೇಕಾಗುವುದಿಲ್ಲ. ಆಮೇಲೆ ಮೊಬೈಲನ್ನು ತನ್ನ ಕಡೆ ತಿರುಗಿಸಿದಳು. ಕೆಂಪು ಕೆನ್ನೆ, ಬಿಳಿ ಕೂದಲು, ನನಗಿಂತ ದಪ್ಪ. ನನ್ನನ್ನೇ ದಿಟ್ಟಿಸಿ ಒಂದು ಮಾತು ಕೇಳಿದಳು. ಮಗಳು ಬೇಡ ಎನ್ನುವಂತೆ ಏನೋ ಅಂದಳು. ಅವಳು ಮತ್ತೆ ಅದನ್ನೇ ಕೇಳಿದಳು.

ಸೊಸೆ ನಗು ತಡೆದುಕೊಂಡು ಹೇಳಿದಳು. "ಟೀವ್ಯಾಗ ಕೂಸಿನ ಬೆನ್ನು ಕೆಂಪಗೆ ಕಾಣತಿತ್ತಂತ್ರಿ. ನೀರು ಅಷ್ಟು ಬಿಸಿ ಯಾಕ ಹಾಕ್ತೀರಿ ಅಂತ ಕೇಳ್ತಾರ."

ಎರಡು ಟೀವಿ, ಎಷ್ಟೋ ಮಂದಿ, ಇಷ್ಟು ದಿನ. ಯಾರೂ ಕೂಸಿನ ಬಗ್ಗೆ ಒಂದು ಮಾತು ಕೇಳಿರಲಿಲ್ಲ.

"ಮೊಣಕೈ ಅದ್ದಿ ನೋಡೇ ಹಾಕೀನಿ ಅಂತ ಹೇಳು. ಕೆಂಪಾಗಿದ್ದು ಎಣ್ಣಿ ತಿಕ್ಕಿದ್ದಕ್ಕ. ಹಿಮದಾಗ ಕೂತಾಕಿಗೆ ಬಿಸಿನೀರಿನ ಹೆದರಿಕಿ ಯಾಕಂತ ಕೇಳು."

ಅದು ಎರಡು ಭಾಷೆ ದಾಟಿ ಅವಳನ್ನು ಮುಟ್ಟಿತು. ಅವಳು ಮೊಬೈಲು ಅಲುಗಾಡುವಷ್ಟು ನಕ್ಕಳು. ಆಮೇಲೆ ಇನ್ನೊಂದು ಕೇಳಿದಳು. ಈಗ ಯಾಕೆ ನಿಲ್ಲಿಸಿದ್ದೀರಿ ಎಂದು. ನಾನು ಕಿಟಕಿಯ ಹತ್ತಿರ ನಿಂತ ಮಗನ ಕಡೆ ನೋಡಿದೆ.

ಸಂಜೆ ಮಗ ಚಹಾ ಕುಡಿಯುತ್ತ ಕೂತಿದ್ದಾಗ ಕೇಳಿದೆ.

"ಟೀವಿ ತಿದ್ದಲಿ ಅಂತ ಕಾದಿ. ತಿದ್ದಿತೇನು?"

"ಇಲ್ಲ."

"ಇನ್ನೊಂದು ಟೀವಿ ಐತೇನು ಆ ದೇಶದಾಗ?"

"ಬಿಡು ಬೇ ಅವ್ವ. ಮಾತು ಕೊಟ್ಟೀದಿ ನೀ."

"ಕೊಟ್ಟೀನಿ. ಆ ಹೊಸ್ತಿಲು ನಾ ದಾಟಂಗಿಲ್ಲ."

ಅವನು ನನ್ನನ್ನು ಅನುಮಾನದಿಂದ ನೋಡಿದ. ನಾನು ಕಪ್ಪು ತೊಳೆಯಲು ಎದ್ದೆ.

ಮರುದಿನ ಭಾನುವಾರ, ಇಲ್ಲಿ ಕೆಲಸದ ದಿನ. ನಸುಕಿನಲ್ಲೇ ನಮ್ಮ ಬಚ್ಚಲಿನಲ್ಲಿ ಬಕೆಟ್ ತುಂಬ ಬಿಸಿನೀರು ಬಿಟ್ಟೆ. ಮಣೆ ಹಾಕಿದೆ. ಎಣ್ಣೆ ಬೆಚ್ಚಗೆ ಮಾಡಿದೆ. ಮಗ ಹಲ್ಲು ತಿಕ್ಕಲು ಬಂದವನು ಬಾಗಿಲಲ್ಲೇ ನಿಂತ.

"ಏನಿದು?"

"ಕೂಸಿಗೆ ಎರಿಯಾಕ."

"ಅವ್ವಾ."

"ಇದು ನನ್ನ ಮಗನ ಮನಿ. ನನ್ನ ಮನ್ಯಾಗ ನಾ ಯಾರ ಆಳು, ಹೇಳು. ನಿನ್ನ ಕಫೀಲ್ ಕೇಳಿದ್ರ, ನಮ್ಮ ಮನಿಗೆ ಕೂಸು ಬಂದಿತ್ತು, ನಮ್ಮವ್ವ ಎರದ್ಲು ಅಂತ ಹೇಳು. ಅದಕ್ಕ ಯಾವ ವೀಸಾ ಬೇಕು?"

ಅವನು ಬ್ರಶ್ಶನ್ನು ಬಾಯಲ್ಲಿಟ್ಟುಕೊಂಡ. ಆಮೇಲೆ ಅಡುಗೆಮನೆಯ ಸಿಂಕಿಗೆ ಮುಖ ತೊಳೆಯಲು ಹೋದ.

ನಮ್ಮ ಹೊಸ್ತಿಲ ಮೇಲೆ ನಿಂತು ಸೊಸೆಯಿಂದ ಎದುರು ಬಾಗಿಲು ಬಡಿಸಿದೆ. ಆ ಹುಡುಗಿ ಕೆದರಿದ ತಲೆಯಲ್ಲೇ ಬಂದಳು. ಸೊಸೆ ಹೇಳಿದ್ದು ಅರ್ಧ ಕೇಳಿ ಒಳಗೆ ಓಡಿದಳು. ಬಂದಾಗ ಒಂದು ತೋಳಿನಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಅದೇ ಬಟ್ಟಲು. ನಾನು ಅಕ್ಕಿ ಕೇಳಿರಲಿಲ್ಲ.

ಕೂಸು ತೂಕ ಬಂದಿತ್ತು. ಕಾಲ ಮೇಲೆ ಹಾಕಿಕೊಂಡಾಗ ಗೊತ್ತಾಯಿತು. ಮೊದಲ ಚರಿಗೆಗೆ ಕಿರುಚಿತು, ಎರಡನೆಯದಕ್ಕೆ ಸುಮ್ಮನಾಯಿತು. "ಬಿಸಿ, ಆಯಿ," ಎಂದಳು ಅವಳು ಬಾಗಿಲಿನಿಂದ. ಅವಳ ತಾಯಿ ಹೇಳಿಕೊಟ್ಟಿರಬೇಕು. "ಸುಮ್ಕಿರು," ಎಂದೆ.

ಒರೆಸಿ, ಕುಂಚಿಗೆ ಕಟ್ಟಿ, ಕೂಸನ್ನು ಸೊಸೆಯ ಕೈಗೆ ಕೊಟ್ಟು ಸೆರಗು ಒಡ್ಡಿದೆ. ಬಹಳ ದಿನದ ಮೇಲೆ ಹಾಕುವ ಗಡಿಬಿಡಿಯಲ್ಲಿ ಅವಳು ಒಂದು ಹಿಡಿಯ ಬದಲು ಬಟ್ಟಲನ್ನೇ ಬೋರಲು ಮಾಡಿದಳು. ಅರ್ಧ ಸೆರಗಿಗೆ ಬಿತ್ತು, ಅರ್ಧ ನೆಲದ ಮೇಲೆ. ಸೆರಗಿನದನ್ನು ಡಬ್ಬಿಗೆ ಸುರಿದೆ. ನೆಲದ್ದನ್ನು ಕಾಲು ತುಳಿಯಬಾರದೆಂದು ಕಸಬರಿಗೆ ತರಲು ಹೋದೆ. ಅವಳು ನನ್ನ ಕೈಯಿಂದ ಕಸಬರಿಗೆ ಕಸಿದುಕೊಂಡು, ನನ್ನನ್ನು ಕುರ್ಚಿಯ ಕಡೆ ತಳ್ಳಿ, ತಾನೇ ಕುಕ್ಕರಗಾಲಿನಲ್ಲಿ ಕೂತು ಮೂಲೆಮೂಲೆಯಿಂದ ಅಕ್ಕಿ ಗುಡಿಸಿ ಒಟ್ಟು ಮಾಡಿದಳು.